ಡೆಲ್ಫಿನ್ ಮತ್ತು ನಿಂತ ಆಂಬುಲೆನ್ಸ್

ನನ್ನ ಹೆಂಡತಿ ಡೆಲ್ಫಿನ್ ದುಬೈಯ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಗಾಡಿ ಓಡಿಸಲು ಬಾರದೆ ಫೇಲಾದದ್ದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಚರ್ಚಿನ ಅಂಗಳದಲ್ಲಿ ಸಿಗುವ ನಮ್ಮ ಬಂಧುಗಳು ಈಗಲೂ ಬೇರೆಯೇ ಕತೆ ಹೇಳುತ್ತಾರೆ. ಜುವಾಕಿಂನ, ಅಂದರೆ ನನ್ನ, ಹೆಂಡತಿಗೆ ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು ಎಂದೇ ತಿಳಿದಿರಲಿಲ್ಲವಂತೆ. ಶುದ್ಧ ಸುಳ್ಳು. ಎರಡು ಗಾಡಿಗಳ ನಡುವಿನ ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವುದರಲ್ಲಿ ಅವಳು ನನಗಿಂತ ಒಂದು ಕೈ ಮೇಲು. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆಯಲ್ಲಿ ಸ್ವಲ್ಪ ಉರಿಯುತ್ತದೆ, ಆದರೂ ಬರೆಯುತ್ತಿದ್ದೇನೆ. ಅವಳನ್ನು ಫೇಲು ಮಾಡಿದ್ದು ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿದ್ದ ಒಂದು ಆಂಬುಲೆನ್ಸ್.

ಡೆಲ್ಫಿನ್ ಕಿನ್ನಿಗೋಳಿ ಪಕ್ಕದ ಕಿರೆಂನವಳು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ನಮ್ಮ ಮದುವೆಯಾದ ಮರುವರ್ಷ, ತೊಂಬತ್ತನಾಲ್ಕರಲ್ಲಿ, ದುಬೈಗೆ ಬಂದಳು. ಅಂದಿನಿಂದ ಬರ್ ದುಬೈಯ ಒಂದೇ ಆಸ್ಪತ್ರೆ, ಅದೇ ಹೆರಿಗೆ ವಾರ್ಡು. ಅವಳ ಎತ್ತರ ಐದಡಿಗೆ ಎರಡಿಂಚು ಕಡಿಮೆ, ಸ್ವರ ಮಾತ್ರ ವಾರ್ಡಿನ ಆಚೆ ತುದಿಗೂ ಕೇಳುವಂಥದ್ದು. ನೋವಿನಲ್ಲಿ ಕಿರುಚುವ ಹೆಂಗಸರನ್ನು ಅವಳು ಬೈದದ್ದಿಲ್ಲ. ಹೊರಗೆ ಫೋನ್ ಹಿಡಿದು ಅಡ್ಡಾಡುವ ಗಂಡಂದಿರನ್ನು ಚೆನ್ನಾಗಿ ಬೈಯುತ್ತಿದ್ದಳು. "ಉಸಿರು ಬಿಡಿ, ಈಗ ಒತ್ತಿ, ಇನ್ನು ಸ್ವಲ್ಪವೇ" ಎಂಬುದನ್ನು ಏಳು ಭಾಷೆಗಳಲ್ಲಿ ಹೇಳಬಲ್ಲಳು. ಅದರಲ್ಲಿ ನಾಲ್ಕು ಭಾಷೆಗಳಲ್ಲಿ ಅವಳಿಗೆ ಬರುವುದು ಅಷ್ಟೇ.

ಆ ಕೆಲಸದಲ್ಲಿ ಅವಳಿಗೆ ಒಂದೇ ಕೊರತೆ. ಹುಟ್ಟಿದ ಮೂರನೆಯ ದಿನ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಲಿಫ್ಟಿನ ಬಾಗಿಲಲ್ಲಿ ತಾಯಿಯ ಕೈಗೆ ಕೊಟ್ಟರೆ ಮುಗಿಯಿತು. ಬಾಗಿಲು ಮುಚ್ಚುತ್ತದೆ, ಮಗು ಹೋಗುತ್ತದೆ. ಹಾಲು ಸರಿಯಾಗಿ ಕುಡಿಯಿತೋ, ಹೊಕ್ಕುಳು ಒಣಗಿತೋ, ತಾಯಿ ನಿದ್ದೆ ಮಾಡಿದಳೋ, ಒಂದೂ ಅವಳಿಗೆ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ಊಟ ಮಾಡುವಾಗ, "ಇವತ್ತು ಹೋದ ಆ ಸಣ್ಣದು ಮನೇಲಿ ಎಂತ ಮಾಡ್ತಾ ಉಂಟೋ" ಎನ್ನುತ್ತಿದ್ದಳು. ನಾನು ಮೀನಿನ ಮುಳ್ಳು ತೆಗೆಯುತ್ತಾ ಹೂಂ ಎನ್ನುತ್ತಿದ್ದೆ.

ಎರಡು ಸಾವಿರದ ಹದಿನಾಲ್ಕರ ಜನವರಿಯಲ್ಲಿ ಆಸ್ಪತ್ರೆಯವರು ಹೊಸದೊಂದು ಕೆಲಸ ಶುರು ಮಾಡಿದರು. ಹೆರಿಗೆಯಾದವರ ಮನೆಮನೆಗೆ ಹೋಗಿ ಆರು ವಾರಗಳವರೆಗೆ ತಾಯಿ ಮಗುವನ್ನು ನೋಡಿ ಬರುವ ನರ್ಸ್ ಒಬ್ಬಳು ಬೇಕು. ಇರುವುದು ಒಂದೇ ಹುದ್ದೆ. ಮೇಟ್ರನ್ ಡೆಲ್ಫಿನ್‌ಳನ್ನು ಕರೆದು, ಕೆಲಸ ನಿನಗೇ ಎಂದಿರಿಸಿದ್ದೇನೆ, ಆದರೆ ಮೇ ಮುಗಿಯುವುದರೊಳಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು ಎಂದರು. ತೋರಿಸದಿದ್ದರೆ ಮಾರ್ಟಿನಾ ಎಂಬ ಕಿರಿಯ ನರ್ಸ್‌ಗೆ ಹೋಗುತ್ತದೆ, ಅವಳಲ್ಲಿ ಲೈಸೆನ್ಸ್ ಈಗಾಗಲೇ ಇದೆ. ಡೆಲ್ಫಿನ್‌ಗೆ ಆಗ ನಲವತ್ತಾರು. ಸ್ಟಿಯರಿಂಗ್ ಮುಟ್ಟಿದವಳಲ್ಲ.

"ಆ ಕೆಲಸ ನನಗೆ ಬೇಕು," ಎಂದಳು ಆ ಸಂಜೆ. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಅವಳು ತನಗೆ ಏನಾದರೂ ಬೇಕು ಎಂದದ್ದು ನನಗೆ ನೆನಪಿಲ್ಲ. ಮಗಳಿಗೆ ಬೇಕು, ಮನೆಗೆ ಬೇಕು, ಅಣ್ಣನ ಮಕ್ಕಳಿಗೆ ಬೇಕು ಎಂದೇ ಕೇಳಿದವಳು. ನನಗೆ ಒಳಗೊಳಗೇ ನಾಚಿಕೆಯಾಯಿತು.

ನಾಚಿಕೆಯಾದ ಗಂಡಸು ಸುಮ್ಮನಿರುವುದಿಲ್ಲ, ಪಾಠ ಮಾಡುತ್ತಾನೆ. ನಾನು ರಾಸ್ ಅಲ್ ಖೋರ್‌ನ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಹಳೆಯ ನಿಸಾನ್ ಸನ್ನಿ ಓಡಿಸಿ ಓಡಿಸಿ ಈ ಊರಿನ ರಸ್ತೆಗಳೆಲ್ಲ ನನಗೆ ಬಾಯಿಪಾಠ ಎಂಬ ಜಂಬ. ಊಟದ ಮೇಜಿನ ಮೇಲೆ ದೋಸೆ ಕಾವಲಿ ಇಟ್ಟು ಅದನ್ನು ರೌಂಡಬೌಟ್ ಮಾಡಿದೆ, ಚಮಚಗಳನ್ನು ಸಾಲಾಗಿಟ್ಟು ಲೇನ್ ಮಾಡಿದೆ, ಉಪ್ಪಿನ ಡಬ್ಬಿಯನ್ನು ಡೆಲ್ಫಿನ್‌ಳ ಕಾರು ಮಾಡಿದೆ. ಮೂರನೆಯ ದಿನ ಅವಳು ಕಾವಲಿ ಎತ್ತಿಕೊಂಡು ಹೋಗಿ ದೋಸೆ ಹುಯ್ದಳು. ಹತ್ತನೆಯ ಕ್ಲಾಸಿನಲ್ಲಿದ್ದ ಮಗಳು ಅಲಿಶಾ, "ಪಪ್ಪಾ, ಪ್ಲೀಸ್ ಲೆಟ್ ದ ಟೀಚರ್ ಟೀಚ್," ಎಂದಳು.

ಟೀಚರ್ ಎಂದರೆ ಮೈಮೂನ. ಅಲ್ ಕೂಜ್‌ನ ಡ್ರೈವಿಂಗ್ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಹೆಂಗಸರಿಗೆ ಕಲಿಸುತ್ತಿದ್ದ ಉಪ್ಪಿನಂಗಡಿಯ ಬ್ಯಾರಿ ಮುಸ್ಲಿಂ ಹೆಂಗಸು. ಕಪ್ಪು ಅಬಾಯಾ ನಿಲುವಂಗಿ, ಕಪ್ಪು ಕನ್ನಡಕ, ಕಾಲ ಬಳಿ ಶುಂಠಿ ಚಹಾದ ಫ್ಲಾಸ್ಕ್. ಊರಿನಲ್ಲಿ ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ಡೆಲ್ಫಿನ್‌ಳನ್ನು ಮೊದಲ ದಿನದಿಂದಲೇ ಬಾಯಮ್ಮ ಎಂದು ಕರೆದಳು, ಗಂಡಸರನ್ನು ಕರೆಯುವಂತೆ ನನ್ನನ್ನು ಪೊರ್ಬುಗಳು ಎಂದಳು. ಆ ಒಂದು ಮಾತಿಗೆ ಡೆಲ್ಫಿನ್‌ಳ ಅರ್ಧ ಹೆದರಿಕೆ ಹೋಯಿತು. ಮಾರ್ಚ್ ಕೊನೆಗೆ ಅವಳು ಲಾರಿಗಳ ನಡುವೆ ನುಗ್ಗಿ ಬರುವಷ್ಟು ತಯಾರಾದಳು.

ಪರೀಕ್ಷೆಯ ಕಾರು ಡ್ರೈವಿಂಗ್ ಸ್ಕೂಲಿನ ಗೇಟು ದಾಟಿ ಎಡಕ್ಕೆ ತಿರುಗಿದರೆ ಕಾರ್ಖಾನೆಗಳ ನಡುವೆ ಒಂದು ಅಗಲ ರಸ್ತೆ. ಆ ರಸ್ತೆಯ ಬಲ ಅಂಚಿನಲ್ಲಿ, ಕರೆ ಬರುವುದನ್ನು ಕಾಯುತ್ತಾ, ಒಂದು ಆಂಬುಲೆನ್ಸ್ ಹೆಚ್ಚುಕಡಿಮೆ ಸದಾ ನಿಂತಿರುತ್ತಿತ್ತು. ಪರೀಕ್ಷೆಗೆ ಹೋದ ಪ್ರತಿಯೊಬ್ಬರೂ ಅದನ್ನು ದಾಟಲೇಬೇಕು. ಡೆಲ್ಫಿನ್ ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು, ಲೇನ್ ಬಿಟ್ಟಳು, ವೇಗ ಇಳಿಸಿದಳು. ಎಲ್ಲವೂ ಸರಿ. ಆಮೇಲೆ ಬಲಗೈ ಸ್ಟಿಯರಿಂಗ್‌ನಿಂದ ಎದ್ದು ಹಣೆಗೆ ಹೋಯಿತು, ಎದೆಗೆ ಬಂತು, ಎಡ ಭುಜ, ಬಲ ಭುಜ ಮುಟ್ಟಿತು. ಕೊನೆಗೆ ಆಮೆನ್ ಎನ್ನಲು ಎಡಗೈಯೂ ಬಂದು ಅದಕ್ಕೆ ಸೇರಿತು. ಪಕ್ಕದಲ್ಲಿದ್ದ ಪರೀಕ್ಷಕಿ, ಈ ದೇಶದವರೇ ಆದ ಒಬ್ಬ ಹೆಂಗಸು, ಕೈ ಚಾಚಿ ಸ್ಟಿಯರಿಂಗ್ ಹಿಡಿದುಕೊಂಡರು. ಚಲಿಸುವ ಕಾರಿನಲ್ಲಿ ಎರಡೂ ಕೈ ಬಿಟ್ಟದ್ದಕ್ಕೆ ಫೇಲು.

"ನಾನು ಕೈ ಬಿಟ್ಟದ್ದೇ ನನಗೆ ಗೊತ್ತಿಲ್ಲ," ಎಂದಳು ಮನೆಗೆ ಬರುವಾಗ. ಆಂಬುಲೆನ್ಸ್ ಕಂಡರೆ ಶಿಲುಬೆಯ ಗುರುತು ಮಾಡಬೇಕು, ಒಳಗೆ ಇರುವವರು ಯಾರೋ ಏನೋ, ಅವರಿಗೊಂದು ಪ್ರಾರ್ಥನೆ ಎಂದು ಅವಳಿಗೆ ಅಮ್ಮ ಹೇಳಿಕೊಟ್ಟದ್ದು. ಐದು ವರ್ಷದ ಹುಡುಗಿಯಾಗಿದ್ದಾಗ ಶುರುವಾದದ್ದು. ನನ್ನ ಪಕ್ಕದ ಸೀಟಿನಲ್ಲಿ ಇಪ್ಪತ್ತು ವರ್ಷದಿಂದ ಮಾಡುತ್ತಾ ಬಂದಿದ್ದಾಳೆ. ನಾನು ಒಮ್ಮೆಯೂ ಗಮನಿಸಿಲ್ಲ, ಏಕೆಂದರೆ ಆಂಬುಲೆನ್ಸ್ ಕಂಡಾಗ ನನಗೆ ಬೇರೆ ಕೆಲಸ ಇರುತ್ತದೆ. ಯಾವ ಗಾಡಿ, ಎಷ್ಟು ಜಜ್ಜಿದೆ, ಯಾರದ್ದು ತಪ್ಪು ಎಂದು ಕತ್ತು ಹೊರಗೆ ಹಾಕಿ ನೋಡಬೇಕಲ್ಲ.

ಎರಡನೆಯ ಪರೀಕ್ಷೆ ಏಪ್ರಿಲ್‌ನಲ್ಲಿ. ಈ ಸಲ ಡೆಲ್ಫಿನ್ ಸ್ಟಿಯರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬೆಳ್ಳಗಾಗಿತ್ತಂತೆ. ಕೈ ಏಳಲಿಲ್ಲ. ಆದರೆ ಆಂಬುಲೆನ್ಸಿನ ಪಕ್ಕ, ಕಟ್ಟೆಯ ಮೇಲೆ, ಸಮವಸ್ತ್ರದ ಫಿಲಿಪೀನಿ ಪ್ಯಾರಾಮೆಡಿಕ್ ಒಬ್ಬ ತಲೆ ತಗ್ಗಿಸಿ ಕೂತಿದ್ದ. ಡೆಲ್ಫಿನ್‌ಳ ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಯಿತು. ನಡು ಲೇನಿನಲ್ಲಿ ಕಾರು ನಿಲ್ಲಿಸಿ, ಪರೀಕ್ಷಕಿಯ ಕಡೆ ತಿರುಗಿ, ಅವನಿಗೆ ತಲೆ ಸುತ್ತು ಬಂದಿರಬೇಕು, ನಾನು ನರ್ಸ್, ಒಮ್ಮೆ ಇಳಿದು ನೋಡಿ ಬರಲೇ ಎಂದು ಕೇಳಿದಳು. ಹಿಂದಿನಿಂದ ಒಂದು ಸಿಮೆಂಟ್ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು. ಆ ಪುಣ್ಯಾತ್ಮ ಮೊಣಕಾಲ ಮೇಲೆ ಪೇಪರ್ ಹಾಸಿ ಸಮೋಸ ತಿನ್ನುತ್ತಿದ್ದ.

ಆ ಸಂಜೆ ನನಗೆ ಸಿಟ್ಟು ಬಂತು. "ಸಮೋಸ ತಿನ್ನುವವನಿಗೆ ಫಸ್ಟ್ ಏಡ್ ಕೊಡ್ಲಿಕ್ಕೆ ಹೋದ್ಯಲ್ಲ," ಎಂದು ಕೂಗಾಡಿದೆ. ಅವಳು ತಿರುಗಿ ಬೈಯಲಿಲ್ಲ. ಅದೇ ಕಷ್ಟವಾಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, "ಮಾರ್ಟಿನಾ ಒಳ್ಳೆ ಹುಡುಗಿಯೇ. ಅವಳಿಗೇ ಸಿಗ್ಲಿ ಬಿಡಿ," ಎಂದಳು. ಅವಳ ಬೆನ್ನು ನೋಡಿಯೇ ನನಗೆ ತಿಳಿಯಿತು, ಅಳುತ್ತಿದ್ದಳು. ನಾನು ಮೈಮೂನ ಟೀಚರಿಗೆ ಫೋನ್ ಮಾಡಿದೆ. ಆಕೆ ಎಲ್ಲ ಕೇಳಿಸಿಕೊಂಡು, "ಶುಕ್ರವಾರ ಬೆಳಿಗ್ಗೆ ಬಾಯಮ್ಮನನ್ನು ಕರ್ಕೊಂಡು ಬನ್ನಿ. ಕಾರು ಬೇಡ, ಕಾಲಲ್ಲಿ ನಿಲ್ಲುವ ಪಾಠ. ಪೊರ್ಬುಗಳೂ ನಿಲ್ಲಿ, ನಿಮಗೂ ಬೇಕದು," ಎಂದಳು.

ಶುಕ್ರವಾರ ನಾವು ಮೂವರೂ ಆ ಆಂಬುಲೆನ್ಸಿನ ಹಿಂದೆ, ಕಾಲುದಾರಿಯ ಮೇಲೆ ನಿಂತೆವು. ಸಮೋಸದ ಪ್ಯಾರಾಮೆಡಿಕ್‌ನನ್ನು ಮೈಮೂನ ಮೊದಲೇ ಕೇಳಿಟ್ಟಿದ್ದಳು. ಅವನು ನಗುತ್ತಾ ಡೆಲ್ಫಿನ್‌ಗೆ ಮಡಚುವ ಕುರ್ಚಿ ತಂದು ಹಾಕಿದ. ಮೈಮೂನ ಕೂರಲು ಬಿಡಲಿಲ್ಲ.

"ಬಾಯಮ್ಮ, ಇವತ್ತು ನೀವು ಆಂಬುಲೆನ್ಸಿನವರು," ಎಂದಳು. "ಹೋಗುವ ಗಾಡಿಗಳನ್ನು ನೋಡಿ."

ಮೊದಲು ಬಂದದ್ದು ಒಂದು ದೊಡ್ಡ ಜೀಪು. ಲೇನ್ ಬಿಡಲಿಲ್ಲ, ವೇಗ ಇಳಿಸಲಿಲ್ಲ. ಆ ಗಾಳಿಗೆ ಮೈಮೂನಳ ಅಬಾಯಾ ಹಾರಿತು, ಕುರ್ಚಿ ಮಗುಚಿತು, ಡೆಲ್ಫಿನ್ ಎರಡು ಹೆಜ್ಜೆ ಹಿಂದೆ ಸರಿದಳು. ಎರಡನೆಯದು ಒಂದು ಬಿಳಿ ಸನ್ನಿ. ನಮ್ಮ ಹತ್ತಿರ ಬಂದು ಆಮೆಯಾಯಿತು. ಓಡಿಸುವವನು ಕತ್ತು ಪೂರ್ತಿ ತಿರುಗಿಸಿ ನಮ್ಮನ್ನೇ ನೋಡುತ್ತಿದ್ದ, ಕಾರು ನೇರ ಆಂಬುಲೆನ್ಸಿನ ಕಡೆಗೆ ವಾಲುತ್ತಿತ್ತು. ಹಿಂದಿನವನು ಬ್ರೇಕ್ ಹೊಡೆದ, ಅವನ ಹಿಂದಿನವನು ಕಿರುಚಿದ. ಮೈಮೂನ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಮೂರನೆಯದು ಹಾಲಿನ ವ್ಯಾನು. ದೂರದಲ್ಲೇ ಸಿಗ್ನಲ್ ಹಾಕಿ, ಒಂದು ಲೇನ್ ಆಚೆ ಸರಿದು, ನಿಧಾನಕ್ಕೆ ನಮ್ಮನ್ನು ದಾಟಿ ಹೋಯಿತು. ಅದರ ಡ್ರೈವರ್ ನಮ್ಮ ಕಡೆ ತಿರುಗಲೂ ಇಲ್ಲ.

"ಮೂವರಲ್ಲಿ ಯಾರು ಬೇಕು ನಿಮಗೆ?" ಎಂದು ಕೇಳಿದಳು ಮೈಮೂನ.

"ಹಾಲಿನವ," ಎಂದಳು ಡೆಲ್ಫಿನ್.

"ಅವ ನಿಂತು ನಿಮಗೆ ಸಹಾಯ ಮಾಡಿದ್ನಾ?"

"ಇಲ್ಲ."

"ಮಾಡಿದ, ಬಾಯಮ್ಮ. ನಿಮಗೆ ಕೆಲಸ ಮಾಡ್ಲಿಕ್ಕೆ ಜಾಗ ಬಿಟ್ಟ. ನಿಮ್ಮ ವಾರ್ಡಿನಲ್ಲಿ ಹೆರಿಗೆ ಆಗುವಾಗ ದಾರೀಲಿ ಹೋಗುವವರೆಲ್ಲ ಒಳಗೆ ಬಂದು ಸಹಾಯ ಮಾಡ್ತೇವೆ ಅಂದ್ರೆ ನೀವು ಬಿಡ್ತೀರಾ? ಕಾನೂನು ಹೇಳುವುದೂ ಅಷ್ಟೇ. ಜಾಗ ಬಿಡು, ನಿಧಾನ ಹೋಗು, ನೋಡ್ಬೇಡ, ನಿಲ್ಬೇಡ. ಖಲಾಸ್."

ಡೆಲ್ಫಿನ್ ಮುಂದಿನ ನಾಲ್ಕೈದು ಗಾಡಿಗಳು ದಾಟುವುದನ್ನು ನೋಡಿದಳು. ವಾರ್ಡಿನ ಮಾತು ಅವಳಿಗೆ ನಾಟಿತ್ತು. ಆಮೇಲೆ, "ಕಾಲಿಗೆ ಹೇಳ್ತೇನೆ, ಕೇಳ್ತದೆ. ಕೈಗೆ ಎಂತ ಮಾಡುವುದು ಟೀಚರ್? ಪ್ರಾರ್ಥನೆ ಮಾಡದೆ ಹೋದ್ರೆ ಒಳಗಿದ್ದವರಿಗೆ ಏನಾದ್ರೂ ಆದೀತು ಅಂತ ಅನಿಸ್ತದೆ," ಎಂದಳು. ನಗುವ ವಿಷಯವಲ್ಲ, ನಿಜವಾಗಿ ಹೆದರಿದ್ದಳು. ಮೈಮೂನಳೂ ನಗಲಿಲ್ಲ.

ಉತ್ತರ ಬಂದದ್ದು ಪ್ಯಾರಾಮೆಡಿಕ್‌ನಿಂದ. ಅವನೂ ನಮ್ಮಂತೆಯೇ ಕ್ಯಾಥೊಲಿಕ್. ಕರೆ ಬಂದು ಹೊರಡುವಾಗಲೆಲ್ಲ ತಾನೂ ಶಿಲುಬೆಯ ಗುರುತು ಮಾಡುತ್ತೇನೆ, ಆದರೆ ಗಾಡಿ ಓಡಿಸುವ ತನ್ನ ಜೊತೆಗಾರ ಮಾಡುವುದಿಲ್ಲ, ಅವನ ಪಾಲಿನದನ್ನೂ ತಾನೇ ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಎರಡೆರಡು ಸಲ, ಒಂದು ನನಗೆ, ಒಂದು ಅವನಿಗೆ, ಎಂದು ಮಾಡಿಯೂ ತೋರಿಸಿದ.

ಡೆಲ್ಫಿನ್ ನನ್ನ ಕಡೆ ತಿರುಗಿದಳು. ನಾನು ಕ್ರಿಸ್‌ಮಸ್‌ಗೆ ಒಮ್ಮೆ, ಈಸ್ಟರ್‌ಗೆ ಒಮ್ಮೆ ಚರ್ಚಿನ ಒಳಗೆ ಹೋಗುವವನು. ಉಳಿದ ಭಾನುವಾರ, ಅಂದರೆ ಇಲ್ಲಿ ಶುಕ್ರವಾರ, ಹೊರಗೆ ಪಾರ್ಕಿಂಗ್ ಹುಡುಕುವ ನೆಪದಲ್ಲಿ ಕಾಲ ಕಳೆಯುವವನು. "ಪರೀಕ್ಷೆಯ ದಿನ ನಾನು ಇಲ್ಲಿ ಬಂದು ನಿಲ್ತೇನೆ. ನಿನ್ನ ಪಾಲಿನದು ನಾನು ಮಾಡ್ತೇನೆ. ನೀನು ಕೈ ಎತ್ತಬೇಡ," ಎಂದೆ.

"ಮರೀಲಿಕ್ಕಿಲ್ಲವಾ?"

"ಇಲ್ಲ."

"ಗಾಡಿ ನೋಡ್ತಾ ನಿಲ್ಲುವುದಿಲ್ಲವಾ?"

"ಇಲ್ಲ ಮಾರಾಯ್ತಿ," ಎಂದೆ.

ಪರೀಕ್ಷೆ ಸಿಕ್ಕಿದ್ದು ಮೇ ಇಪ್ಪತ್ತೇಳಕ್ಕೆ. ತಿಂಗಳು ಮುಗಿಯಲು ನಾಲ್ಕು ದಿನ, ಇನ್ನೊಂದು ಅವಕಾಶವಿಲ್ಲ. ನಾನು ರಜೆ ಹಾಕಿ ಬೆಳಿಗ್ಗೆ ಏಳಕ್ಕೇ ಹೋಗಿ ನಿಂತೆ. ಪರೀಕ್ಷೆಯ ಕಾರುಗಳೆಲ್ಲ ಒಂದೇ ಬಣ್ಣ, ಒಂದೇ ಬರಹ. ಓಡಿಸುವವರು ಯಾರೆಂದು ಹತ್ತಿರ ಬರುವವರೆಗೆ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ಕಾರಿಗೂ ಶಿಲುಬೆಯ ಗುರುತು ಮಾಡಿದೆ. ಯಾವ ದೇಶದ, ಯಾವ ಧರ್ಮದ ಹೆಂಗಸರು ಆ ದಿನ ನನ್ನ ಪ್ರಾರ್ಥನೆಯಲ್ಲಿ ಪಾಸಾದರೋ ದೇವರೇ ಬಲ್ಲ. ಕಸ ಗುಡಿಸುತ್ತಿದ್ದ ಬಂಗಾಳಿ ಒಬ್ಬ ಕೆಲಸ ನಿಲ್ಲಿಸಿ ನನಗೆ ಒಂದು ಬಾಟಲಿ ನೀರು ಕೊಟ್ಟ, ಬಿಸಿಲಿಗೆ ಹೀಗಾಗಿದೆ ಎಂದು ತಿಳಿದಿರಬೇಕು.

ಎಂಟೂವರೆಗೆ ನನ್ನ ಕಣ್ಣೆದುರಿಗೇ ಡೆಲಿವರಿ ಬೈಕ್ ಒಂದು ಜಾರಿ ಬಿತ್ತು. ಸಮೋಸದ ಪ್ಯಾರಾಮೆಡಿಕ್ ಚೀಲ ಹಿಡಿದು ಓಡಿದ, ಆಂಬುಲೆನ್ಸ್ ಮುಂದೆ ಹೋಗಿ ದೀಪ ಹಾಕಿ ಬಲ ಲೇನಿಗೆ ಅಡ್ಡ ನಿಂತಿತು, ಪೊಲೀಸ್ ಕಾರು ಬಂದು ಅದರ ಹಿಂದೆ ನಿಂತಿತು. ಸವಾರ ಕಾಲು ಹಿಡಿದುಕೊಂಡು ನೋವಿಗೆ ಕೂಗುತ್ತಿದ್ದ. ಸಮೋಸ ತಿನ್ನುವವನಿಗೇ ಕಾರು ನಿಲ್ಲಿಸಿದವಳು ಇದಕ್ಕೆ ನಿಲ್ಲಿಸದೆ ಹೋಗುತ್ತಾಳೆಯೇ? ಅಷ್ಟರಲ್ಲಿ ಪರೀಕ್ಷೆಯ ಕಾರು ತಿರುವಿನಲ್ಲಿ ಕಂಡಿತು. ಸ್ಟಿಯರಿಂಗ್‌ನ ಮೇಲೆ ಅರ್ಧವೇ ಕಾಣುವ ಒಂದು ತಲೆ. ಡೆಲ್ಫಿನ್.

ಅವಳ ಮುಂದಿದ್ದ ಎರಡು ಗಾಡಿಗಳು ತೆವಳುತ್ತಾ, ಇಣುಕುತ್ತಾ ಹೋದವು. ಅವಳು ದೂರದಿಂದಲೇ ಸಿಗ್ನಲ್ ಹಾಕಿದಳು. ಕನ್ನಡಿ ನೋಡಿದಳು, ಎಡ ಲೇನಿಗೆ ಸರಿದಳು, ವೇಗ ಇಳಿಸಿದಳು. ನಾನು ಹಣೆ ಮುಟ್ಟಿದೆ. ಆ ಸವಾರನ ಕೂಗು ಅವಳಿಗೆ ಕೇಳಿಸದೆ ಇರಲಿಲ್ಲ, ಮುಚ್ಚಿದ ಗಾಜಿನ ಒಳಗೂ ಕೇಳುವಷ್ಟಿತ್ತು. ನಾನು ಎದೆ ಮುಟ್ಟಿದೆ. ಅವಳ ಎರಡೂ ಕೈ ಸ್ಟಿಯರಿಂಗ್ ಮೇಲಿದ್ದವು, ಕಣ್ಣು ರಸ್ತೆಯ ಮೇಲಿತ್ತು, ಕಾರು ನಿಲ್ಲಲಿಲ್ಲ. ಎಡ ಭುಜ, ಬಲ ಭುಜ. ಅವಳು ಬೈಕಿನವನನ್ನು ನೋಡಲಿಲ್ಲ, ಆಂಬುಲೆನ್ಸನ್ನು ನೋಡಲಿಲ್ಲ, ಏಳು ಗಂಟೆಯಿಂದ ಬಿಸಿಲಲ್ಲಿ ಬೇಯುತ್ತಿದ್ದ ಗಂಡನನ್ನೂ ನೋಡಲಿಲ್ಲ. ನಮ್ಮೆಲ್ಲರನ್ನೂ ದಾಟಿ ನೇರ ಹೋದಳು. ಆಮೆನ್ ಎಂದೆ. ಆ ಬೈಕ್ ಯಾವ ಬಣ್ಣದ್ದು, ಎಷ್ಟು ಜಜ್ಜಿತ್ತು ಎಂದು ಯಾರಾದರೂ ಕೇಳಿದರೆ ಇಂದಿಗೂ ನನಗೆ ತಿಳಿಯದು, ನನ್ನ ಜೀವಮಾನದಲ್ಲಿ ನಾನು ಕತ್ತು ಚಾಚಿ ನೋಡದೆ ಬಿಟ್ಟ ಒಂದೇ ಅಪಘಾತ ಅದು.

ಒಂದು ಕಾರಿನಲ್ಲಿ ಮೂವರು ಹೆಂಗಸರು ಸರದಿಯಂತೆ ಪರೀಕ್ಷೆ ಕೊಡುತ್ತಾರೆ. ಕಾಲು ಗಂಟೆ ಕಳೆದು ಅದೇ ಕಾರು ಮತ್ತೆ ಬಂತು. ಈಗ ಬೇರೆ ಯಾರೋ ಓಡಿಸುತ್ತಿದ್ದರು. ಬೈಕಿನವನಿಗೆ ಕಾಲಿಗೆ ಪಟ್ಟಿ ಕಟ್ಟಿ ಒಳಗೆ ಮಲಗಿಸಿಯಾಗಿತ್ತು, ಅವನು ಫೋನಿನಲ್ಲಿ ಯಾರೊಂದಿಗೋ ಜಗಳ ಆಡುತ್ತಿದ್ದ, ಅಂದರೆ ಪ್ರಾಣಕ್ಕೇನೂ ಇರಲಿಲ್ಲ. ಡೆಲ್ಫಿನ್ ಹಿಂದಿನ ಸೀಟಿನಲ್ಲಿ ಗಾಜಿಗೆ ಮುಖವಿಟ್ಟು ಕೂತಿದ್ದಳು. ಯಾರೋ ಅಪರಿಚಿತ ಹೆಂಗಸಿಗಾಗಿ ನಾನು ಶಿಲುಬೆಯ ಗುರುತು ಮಾಡುತ್ತಿರುವುದನ್ನು ಕಂಡಳು. ಪರೀಕ್ಷಕಿ ಇದ್ದುದರಿಂದ ನಗುವಂತಿರಲಿಲ್ಲ, ತುಟಿ ಬಿಗಿದುಕೊಂಡಳು. ಆಮೇಲೆ ಖಾಲಿಯಿದ್ದ ತನ್ನ ಬಲಗೈ ಎತ್ತಿ ತಾನೂ ಮಾಡಿದಳು, ಒಂದಲ್ಲ, ಎರಡು ಸಲ.

ಹತ್ತೂವರೆಗೆ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ಕಾಗದ ಹಿಡಿದು ಬಂದಳು. ಪಾಸು. ಮೈಮೂನ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಮೊದಲು ನನಗೆ ಕೊಟ್ಟಳು, "ಪೊರ್ಬುಗಳೂ ಇವತ್ತು ಪಾಸು," ಎಂದಳು. ಡೆಲ್ಫಿನ್ ಅವಳನ್ನು ಅಬಾಯಾ ಸಮೇತ ತಬ್ಬಿಕೊಂಡು ಬಿಡಲೇ ಇಲ್ಲ.

"ನಿನ್ನ ಸರದಿಯಲ್ಲಿ ನನ್ನನ್ನು ನೋಡಿದ್ಯಾ?" ಎಂದು ಕಾರಿನಲ್ಲಿ ಕೇಳಿದೆ.

"ನೋಡ್ಲಿಲ್ಲ. ಇರ್ತೀರಿ ಅಂತ ಗೊತ್ತಿತ್ತು," ಎಂದಳು.

ಜೂನ್ ಮೊದಲ ವಾರ ಹೊಸ ಕೆಲಸ ಶುರುವಾಯಿತು. ಮೊದಲ ಶನಿವಾರ ನನಗೆ ರಜೆ ಇದ್ದುದರಿಂದ, ದಾರಿ ತೋರಿಸುತ್ತೇನೆ ಎಂದು ಪಕ್ಕದ ಸೀಟಿನಲ್ಲಿ ಕೂತೆ. ದಾರಿ ತೋರಿಸಲು ಅವಳು ಬಿಡಲಿಲ್ಲ. ಕರಾಮದ ಒಂದು ಹಳೆಯ ಕಟ್ಟಡದ ಮುಂದೆ, ಎರಡು ವ್ಯಾನುಗಳ ನಡುವೆ, ಒಂದೇ ಸಲಕ್ಕೆ ಕಾರು ನಿಲ್ಲಿಸಿದಳು. ಮೂರನೆಯ ಮಹಡಿಯಲ್ಲಿ ಆರು ವಾರದ ಮಗು, ಏಪ್ರಿಲ್‌ನಲ್ಲಿ ಅವಳ ಕೈಯಲ್ಲೇ ಹುಟ್ಟಿದ್ದು. ತೂಕದ ಯಂತ್ರ, ಚೀಲ ಹಿಡಿದುಕೊಂಡು ಮೇಲೆ ಹೋದಳು. ನಾನು ಎಸಿ ಹಾಕಿಕೊಂಡು ಕಾರಿನಲ್ಲಿ ನಿದ್ದೆ ಮಾಡಿದೆ.

ಮುಕ್ಕಾಲು ಗಂಟೆಯ ಮೇಲೆ ಇಳಿದು ಬಂದು ಕೂತಳು. ಕೀಲಿ ಕೈಯಲ್ಲೇ ಇತ್ತು, ತಿರುಗಿಸಲಿಲ್ಲ. ಏನಾಯಿತು ಎಂದು ಕೇಳಿದೆ. ತೂಕ ಏರಿದೆ, ಹೊಕ್ಕುಳು ಒಣಗಿದೆ, ತಾಯಿಯೂ ಹುಷಾರು ಎಂದಳು.

"ಅದು ನನ್ನನ್ನು ನೋಡಿ ನಕ್ಕಿತು," ಎಂದಳು. "ನಮ್ಮ ವಾರ್ಡಿನ ಒಂದು ಮಗು ನಗುವುದನ್ನು ಇವತ್ತಿನವರೆಗೆ ನಾನು ನೋಡಿರ್ಲಿಲ್ಲ. ಮೂರು ದಿನದ ಮಕ್ಕಳು ನಗುವುದಿಲ್ಲ ಅಲ್ವಾ."

ಅವಳ ಕಣ್ಣಿನಲ್ಲಿ ನೀರಿತ್ತು, ಮುಖ ತುಂಬ ನಗುವಿತ್ತು. ಕಣ್ಣೊರೆಸಿಕೊಂಡು, ಸೀಟ್‌ಬೆಲ್ಟ್ ಹಾಕಿಕೊಂಡು, ಚೀಲದಿಂದ ಪಟ್ಟಿ ತೆಗೆದು ಮುಂದಿನ ಮಗುವಿನ ಮನೆ ಎಲ್ಲಿ ಎಂದು ನೋಡಿದಳು.